ಜೂನ್ ತಿಂಗಳ ಹದಿನೆಂಟು ಹೆಸರು

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜನ ಟಿಕೆಟ್ ಕೊಂಡು ನೋಡುತ್ತಾರಲ್ಲ, ಆ ಹಾಕಿಗಾಗಿ ನಾನು ಕೆಲಸ ಮಾಡಿದವಳಲ್ಲ. ಇಪ್ಪತ್ತೆರಡು ವರ್ಷ ನಾನು ದುಡಿದದ್ದು ಉಳಿದ ತಿಂಗಳುಗಳಿಗಾಗಿ. ರಿಂಕ್‌ನ ಮಂಜುಗಡ್ಡೆ ಕರಗಿಸಿ ಕೆಳಗಿನ ಕಾಂಕ್ರೀಟ್ ನೆಲ ಕಾಣುವ, ಆಟಗಾರರು ಊರೂರಿಗೆ ಚದುರಿಹೋಗಿರುವ, ಪತ್ರಿಕೆಯವರು ಬೇಸ್‌ಬಾಲ್ ಕಡೆ ತಿರುಗಿರುವ ತಿಂಗಳುಗಳು ಅವು. ಆಫ್‌ಸೀಸನ್ ಎನ್ನುತ್ತಾರೆ. ಲೀಗ್ ಹಾಳಾಗುವುದಾದರೂ ಉಳಿಯುವುದಾದರೂ ಆಗಲೇ.

ಹೋದ ತಿಂಗಳು ಇಲಿನಾಯ್‌ನ ಡೌನರ್ಸ್ ಗ್ರೋವ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅವರ ಮಗಳು ಮೇಘನಾ ಈಗಷ್ಟೇ ಕಾಲೇಜು ಮುಗಿಸಿ ಒಂದು ಹಾಕಿ ಲೀಗ್‌ನ ಆಫೀಸಿಗೆ ಸೇರಿದ್ದಾಳೆ. ಕೈಯಲ್ಲಿ ಸಪಾದದ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತಳು.

"ಆಂಟಿ, ನೀವೂ ಇದೇ ಕೆಲ್ಸ ಮಾಡ್ತಿದ್ರಂತೆ. ಸಮ್ಮರ್ ಆದ್ರೆ ಚಿಲ್ ಅಲ್ವಾ? ಗೇಮ್ಸೇ ಇರಲ್ಲ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಆ ಮಾತನ್ನು ಅವಳಿಗೆ ಕಲಿಸಿದವರ ಮೇಲೆ. ಪೂಜೆಯ ಮನೆಯಲ್ಲಿ ಉಪನ್ಯಾಸ ಬೇಡವೆಂದು ಸುಮ್ಮನಾದೆ. ಆವತ್ತು ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಮೇಘನಾಳಿಗೂ ಅವಳ ಹಾಗೆ ಆ ಕುರ್ಚಿಗಳಲ್ಲಿ ಕೂರಲು ಹೋಗುತ್ತಿರುವ ನಮ್ಮವರ ಮಕ್ಕಳಿಗೂ.

ಮೊದಲು ನಮ್ಮ ಲೀಗ್ ಎಂಥದ್ದೆಂದು ಹೇಳಬೇಕು. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದ ನನಗೆ ಹಾಕಿ ಎಂದರೆ ಕೊಡಗಿನ ಹುಡುಗರು ಮೈದಾನದಲ್ಲಿ ಆಡುವ ಆಟ. ಇಲ್ಲಿಯದು ಮಂಜುಗಡ್ಡೆಯ ಮೇಲೆ. ಟೀವಿಯಲ್ಲಿ ಕಾಣುವುದು ದೊಡ್ಡ ಲೀಗ್. ಅದರ ಕೆಳಗೊಂದು, ಅದರ ಕೆಳಗೆ ಇನ್ನೊಂದು, ನಮ್ಮದು ಅದಕ್ಕೂ ಕೆಳಗಿನದು. ಇಲಿನಾಯ್, ಇಂಡಿಯಾನಾ, ಮಿಷಿಗನ್, ಒಹಾಯೊ ಸೇರಿ ಹತ್ತು ಹನ್ನೊಂದು ತಂಡಗಳು. ಆಡುವವರು ಇಪ್ಪತ್ತೆರಡರಿಂದ ಮೂವತ್ತರ ಒಳಗಿನವರು. ಒಂದು ದಿನ ಮೇಲಿನಿಂದ ಕರೆ ಬರುತ್ತದೆಂದು ಕಾಯುವವರು ಕೆಲವರು, ಇನ್ನು ಬರುವುದಿಲ್ಲವೆಂದು ತಿಳಿದೂ ಆಟ ಬಿಡಲಾಗದವರು ಹಲವರು. ಬೇಸಿಗೆ ಬಂದರೆ ಒಬ್ಬ ಮನೆಗಳ ಸೂರಿಗೆ ಶಿಂಗಲ್ ಹೆಂಚು ಹೊಡೆಯುತ್ತಾನೆ, ಇನ್ನೊಬ್ಬ ಹುಲ್ಲು ಕತ್ತರಿಸುತ್ತಾನೆ, ಮತ್ತೊಬ್ಬ ಪೀಠೋಪಕರಣ ಸಾಗಿಸುವ ಟ್ರಕ್ಕಿನಲ್ಲಿರುತ್ತಾನೆ. ಅವರು ಹಾಗೆ ದುಡಿಯುತ್ತಿರುವಾಗ ಒಂದು ತಂಡ ಮಾರಾಟವಾಗುತ್ತದೆ, ಒಂದು ಊರು ಬದಲಿಸುತ್ತದೆ, ಒಂದು ಮುಚ್ಚುತ್ತದೆ, ನಿಯಮ ತಿದ್ದುಪಡಿಯಾಗುತ್ತದೆ. ಯಾರ ಬದುಕು ಬದಲಾಗುತ್ತದೋ ಅವನು ಸೂರಿನ ಮೇಲೆ ಇರುತ್ತಾನೆ, ಅವನಿಗೆ ಗೊತ್ತೇ ಇರುವುದಿಲ್ಲ.

ನಾನು ಸೇರಿದಾಗ ಲೀಗ್‌ನ ಆಫೀಸು ಲಿಸ್ಲ್‌ನಲ್ಲಿತ್ತು. ಹೆದ್ದಾರಿಯ ಪಕ್ಕದ ಕಟ್ಟಡದಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್‌ನ ಮೇಲ್ಮಹಡಿ. ಐದೇ ಜನ. ನಮ್ಮ ಮನೆಯವರು ಅಲ್ಲೇ ಹತ್ತಿರದ ಕಂಪನಿಯಲ್ಲಿ ಎಂಜಿನಿಯರ್, ಮಗ ಸ್ಕೂಲಿಗೆ ಹೋಗಲು ಶುರುಮಾಡಿದ್ದ. ಮನೆಗೆ ಎರಡೇ ಮೈಲಿ ಎಂಬ ಕಾರಣಕ್ಕೆ ಅಪ್ಲೈ ಮಾಡಿದೆ. ಆಗಿನ ಕಮಿಷನರ್ ಡೇಲ್ ಸ್ವತಃ ಹಳೇ ಆಟಗಾರ, ಮೂಗು ಎರಡು ಕಡೆ ಮುರಿದು ಕೂಡಿದ್ದ ದೊಡ್ಡ ಆಳು. ಶಾರದಾ ಎಂಬ ನನ್ನ ಹೆಸರು ಅವನ ಬಾಯಲ್ಲಿ ಕೊನೆಯವರೆಗೂ ಶಾರ್ಡಾ ಆಗಿಯೇ ಉಳಿಯಿತು. ಆಟಗಾರರಿಗಂತೂ ನಾನು ಮಿಸೆಸ್ ಆರ್.

ನನಗೆ ಒಪ್ಪಿಸಿದ ಕೆಲಸ ಎರಡು. ಮುಂದಿನ ಸೀಸನ್ನಿನ ವೇಳಾಪಟ್ಟಿ ಮಾಡುವುದು, ಆಟಗಾರರ ದಾಖಲೆ ಇಡುವುದು. ವೇಳಾಪಟ್ಟಿ ಲೆಕ್ಕದ ಕೆಲಸ, ನನಗೇನು ಕಷ್ಟ ಎಂದುಕೊಂಡೆ. ಮೊದಲ ವರ್ಷವೇ ಮುಗ್ಗರಿಸಿದೆ. ಶುಕ್ರವಾರ ಇಲಿನಾಯ್‌ನಲ್ಲಿ ಆಡಿದ ತಂಡಕ್ಕೆ ಶನಿವಾರ ಮಧ್ಯಾಹ್ನ ಎರಡಕ್ಕೆ ಡೆಟ್ರಾಯಿಟ್ ಪಕ್ಕದಲ್ಲಿ ಆಟ ಹಾಕಿದೆ. ಐದು ಗಂಟೆ ಪ್ರಯಾಣ, ಎಂಟಕ್ಕೆ ಹೊರಟರೆ ಒಂದಕ್ಕೆ ಮುಟ್ಟುತ್ತಾರೆ, ಸಿದ್ಧವಾಗಲು ಇನ್ನೂ ಒಂದು ಗಂಟೆ ಇರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮಿಷಿಗನ್‌ನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ ಎನ್ನುವುದನ್ನೇ ಮರೆತಿದ್ದೆ. ಬಸ್ಸು ರಿಂಕ್ ಮುಟ್ಟಿದಾಗ ಅಲ್ಲಿ ಸರಿಯಾಗಿ ಎರಡು ಗಂಟೆ. ಹುಡುಗರು ಚಲಿಸುವ ಬಸ್ಸಿನಲ್ಲೇ ಪ್ಯಾಡು ಕಟ್ಟಿಕೊಂಡು, ಕಾಲಿಗೆ ಸ್ಕೇಟ್ಸ್ ಹಾಕಿ, ಪಾರ್ಕಿಂಗ್ ಲಾಟಿನ ಮೇಲೆ ರಬ್ಬರ್ ಮ್ಯಾಟ್ ಹಾಸಿಸಿಕೊಂಡು ಒಳಗೆ ನಡೆದರಂತೆ. ಐದು ಗೋಲಿನಿಂದ ಸೋತರು.

ಸೋಮವಾರ ಕೆಲಸ ಹೋಯಿತೆಂದೇ ಎಣಿಸಿ ಆಫೀಸಿಗೆ ಬಂದೆ. ಡೇಲ್ ಬೈಯಲಿಲ್ಲ.

"ಈ ಶನಿವಾರ ಏನ್ ಕೆಲ್ಸ ಇದೆ ನಿಂಗೆ?" ಎಂದ.

"ಏನಿಲ್ಲ."

"ಹಾಗಾದ್ರೆ ಬಸ್‌ನಲ್ಲಿ ಹೋಗು. ಮುಂದಿನ ಸೀಟಲ್ಲಿ ಕೂರ್ಬೇಡ. ಹುಡುಗರ ಜೊತೆ ಹಿಂದೆ ಕೂತ್ಕೋ."

ಹೋದೆ. ಮೊಸರನ್ನದ ಡಬ್ಬಿ ಹಿಡಿದು, ಒದ್ದೆ ಗ್ಲೌಸುಗಳ ವಾಸನೆಯ ನಡುವೆ ಕೂತು ಮಿಷಿಗನ್‌ಗೆ ಹೋಗಿ ಬಂದೆ. ಪಕ್ಕೆಲುಬು ಬಿರಿದವನೊಬ್ಬ ಸೀಟಿಗೆ ಒರಗಲಾರದೆ ಇನ್ನೂರ ಎಂಬತ್ತು ಮೈಲಿ ನೆಟ್ಟಗೆ ಕೂತಿದ್ದ. ಅದಾದ ಮೇಲೆ ವೇಳಾಪಟ್ಟಿಯ ಒಂದು ಚೌಕದಲ್ಲಿ ತಂಡದ ಹೆಸರು ಬರೆಯುವಾಗಲೆಲ್ಲ ಅವನು ನೆನಪಿಗೆ ಬರುತ್ತಿದ್ದ.

ಡೇಲ್‌ನಲ್ಲಿ ದೋಷ ಬೇಕಾದಷ್ಟಿತ್ತು. ಕಾಗದ ಪತ್ರ ಎಲ್ಲೆಂದರಲ್ಲಿ ಬಿಸಾಡುವವನು, ಮೀಟಿಂಗ್‌ನಲ್ಲಿ ನಿದ್ದೆ ಹೊಡೆಯುವವನು. ಆದರೆ ಬೇಸಿಗೆಯಲ್ಲಿ ಒಂದು ತಂಡಕ್ಕೆ ಏನೇ ಆಗಲಿ, ಆ ತಂಡದ ಪ್ರತಿಯೊಬ್ಬ ಆಟಗಾರನಿಗೂ ತಾನೇ ಫೋನ್ ಮಾಡುತ್ತಿದ್ದ. ನಾನು ಹೆಸರು, ನಂಬರ್ ಬರೆದುಕೊಡುತ್ತಿದ್ದೆ. ಅವನು ಬಾಗಿಲು ಹಾಕಿಕೊಂಡು ಒಂದೊಂದೇ ತಿರುಗಿಸುತ್ತಿದ್ದ. ಎರಡು ದಿನ ಹಿಡಿಯುತ್ತಿತ್ತು. ಹೊರಗೆ ಬಂದಾಗ ಮುಖ ಇಳಿದಿರುತ್ತಿತ್ತು. ಅವರೆಲ್ಲರಿಗೂ ತಿಳಿದ ಮೇಲೇ ಪತ್ರಿಕೆಗೆ ಸುದ್ದಿ.

ಡೇಲ್ ನಿವೃತ್ತನಾದ ಮೇಲೆ ಬ್ರೆಂಟ್ ಬಂದ. ಅರೀನಾಗಳಲ್ಲಿ ಜಾಹೀರಾತು ಫಲಕ ಮಾರುವ ಕಂಪನಿಯಲ್ಲಿ ಇದ್ದವನು. ಹಾಕಿ ಆಡಿದವನಲ್ಲ. ಅದು ತಪ್ಪೇನಲ್ಲ, ನಾನೂ ಆಡಿದವಳಲ್ಲ. ತಪ್ಪು ಬೇರೆ ಇತ್ತು. ಅವನಿಗೆ ಆಟಗಾರರು ಎಂದರೆ ಅಕ್ಟೋಬರಿನಲ್ಲಿ ಮಂಜುಗಡ್ಡೆಯ ಮೇಲೆ ಹೇಗೋ ಬಂದು ನಿಲ್ಲುವ ಸಾಮಾನು. ಆಫೀಸು ಡೌನರ್ಸ್ ಗ್ರೋವ್‌ನ ಗಾಜಿನ ಕಟ್ಟಡಕ್ಕೆ ಹೋಯಿತು. ಡೇಲ್ ಇಟ್ಟಿದ್ದ ಗೋಡೆಯ ನಕ್ಷೆ, ಊರಿಂದೂರಿಗೆ ಎಳೆದಿದ್ದ ದಾರ, ಎಲ್ಲಾ ಕಸಕ್ಕೆ ಬಿತ್ತು.

ವೇಳಾಪಟ್ಟಿಗೆ ಸಾಫ್ಟ್‌ವೇರ್ ತಂದರು. ನನಗೆ ಸಾಫ್ಟ್‌ವೇರ್ ಮೇಲೆ ದ್ವೇಷವಿಲ್ಲ, ನಾನು ಓದಿದ್ದೇ ಅಂಥ ಲೆಕ್ಕ. ಮೊದಲ ಸಲ ಅದು ಕೊಟ್ಟ ಪಟ್ಟಿಯಲ್ಲಿ ಒಂದು ತಂಡ ಮೂರು ದಿನದಲ್ಲಿ ಮೂರು ರಾಜ್ಯಗಳಲ್ಲಿ ಮೂರು ಆಟ ಆಡಬೇಕಿತ್ತು, ಜನವರಿಯಲ್ಲಿ, ಸರೋವರದ ಕಡೆಯಿಂದ ಹಿಮ ಸುರಿಯುವ ರಸ್ತೆಯಲ್ಲಿ. ಅದನ್ನು ಮಾರಿದವನಿಗೆ ತೋರಿಸಿದೆ. "ಇದೇ ಬೆಸ್ಟ್ ಅಂತ ಸಿಸ್ಟಮ್ ಹೇಳ್ತಿದೆ" ಎಂದ. ಯಂತ್ರಕ್ಕೆ ರಸ್ತೆ ಗೊತ್ತಿಲ್ಲ, ಸರಿ. ಅದಕ್ಕೆ ಹೇಳಿಕೊಡಬೇಕಾದ ಮನುಷ್ಯನಿಗೂ ಬಸ್ಸು ಗೊತ್ತಿರಲಿಲ್ಲ. ಬ್ರೆಂಟ್ ಆ ಪಟ್ಟಿಯನ್ನೇ ಹೊರಗೆ ಬಿಟ್ಟ. ನಂತರ ತಂಡಗಳ ಬೈಗುಳ ತಿಂದು ಒಂದೊಂದಾಗಿ ಬದಲಿಸಿದವಳು ನಾನು.

ಇನ್ನೊಂದು ಬೇಸಿಗೆ ಹಿರಿಯ ಆಟಗಾರರ ಸಂಖ್ಯೆಯನ್ನು ಇಳಿಸಿದರು. ಪ್ರತಿ ತಂಡದಲ್ಲೂ ಹೆಚ್ಚು ವರ್ಷ ಆಡಿದವರು ಐದು ಜನ ಇರಬಹುದಿತ್ತು, ಇನ್ನು ನಾಲ್ಕೇ ಎಂದರು. ಆ ಚರ್ಚೆ ನಡೆದದ್ದು ಊಟಕ್ಕೆ ಮುಂಚಿನ ಹತ್ತು ನಿಮಿಷ. ಮಿನಿಟ್ಸ್ ಬರೆಯುತ್ತಿದ್ದ ನನ್ನ ಪೆನ್ನು ಇನ್ನೂ ಹಿಂದಿನ ವಿಷಯದಲ್ಲೇ ಇತ್ತು. ತಂಡಕ್ಕೊಬ್ಬರಂತೆ ಹತ್ತು ಜನರ ಬದುಕು ಅಲ್ಲಿಗೆ ನಿಂತಿತು. ಅವರಲ್ಲೊಬ್ಬ ಒಂದೇ ತಂಡದಲ್ಲಿ ಏಳು ವರ್ಷ ಕ್ಯಾಪ್ಟನ್ ಆಗಿದ್ದವನು. ಅವನಿಗೆ ಹೋದದ್ದು ನಾಲ್ಕು ಸಾಲಿನ ಪತ್ರ. ಅದನ್ನು ಟೈಪ್ ಮಾಡಿದವಳು ನಾನೇ.

ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿಕೊಂಡೆ. ಮುಂದಿನದನ್ನು ಸಹಿಸಿಕೊಳ್ಳಬಾರದಿತ್ತು.

ಅದಕ್ಕೆ ಮುಂಚೆ ಒಂದು ನಿಯಮ ಹೇಳಬೇಕು. ಜೂನ್ ಕೊನೆಯ ದಿನದೊಳಗೆ ಪ್ರತಿ ತಂಡವೂ ಲೀಗ್‌ಗೆ ಒಂದು ಪಟ್ಟಿ ಕೊಡಬೇಕು. ಮುಂದಿನ ವರ್ಷಕ್ಕೆ ತನ್ನಲ್ಲೇ ಇಟ್ಟುಕೊಳ್ಳಬಯಸುವ ಆಟಗಾರರ ಹೆಸರುಗಳವು. ಆ ಪಟ್ಟಿಯಲ್ಲಿ ಹೆಸರಿದ್ದವನು ನಮ್ಮ ಲೀಗ್‌ನ ಬೇರೆ ಯಾವ ತಂಡಕ್ಕೂ ಸೇರುವಂತಿಲ್ಲ. ಪಟ್ಟಿ ಕೊಟ್ಟ ಮೇಲೆ ಆ ತಂಡ ಮುಚ್ಚಿಹೋದರೆ ಹೆಸರುಗಳನ್ನು ಉಳಿದ ತಂಡಗಳು ಸರದಿಯಂತೆ ಹಂಚಿಕೊಳ್ಳುತ್ತವೆ. ಪಟ್ಟಿಗೆ ಮುಂಚೆಯೇ ತಂಡ ಮುಚ್ಚಿದರೆ ಆಟಗಾರರೆಲ್ಲ ಸ್ವತಂತ್ರರು, ಬೇಕಾದ ಕಡೆ ಹೋಗಬಹುದು.

ಆ ವರ್ಷ ಜೂನ್ ಎರಡನೇ ವಾರ ಮಿಷಿಗನ್ ತಂಡದ ಮಾಲೀಕನಿಂದ ಪತ್ರ ಬಂತು. ಇನ್ನು ತಂಡ ನಡೆಸಲಾರೆ, ಲೀಗ್‌ನಿಂದ ಹೊರಗೆ ಹೋಗುತ್ತಿದ್ದೇನೆ. ಒಂದೇ ಪುಟ. ಬಂದ ಪತ್ರಕ್ಕೆಲ್ಲ ದಿನಾಂಕದ ಮುದ್ರೆ ಒತ್ತುವುದು ನನ್ನ ಅಭ್ಯಾಸ. ಇದಕ್ಕೂ ಒತ್ತಿ ಬ್ರೆಂಟ್‌ನ ಮೇಜಿನ ಮೇಲಿಟ್ಟೆ.

ಅವನು ಓದಿ ಬಾಗಿಲು ಹಾಕಿದ.

"ಇದು ಸದ್ಯಕ್ಕೆ ಹೊರಗೆ ಹೋಗಬಾರದು. ಜುಲೈನಲ್ಲಿ ಹೊಸ ತಂಡ ಅನೌನ್ಸ್ ಮಾಡ್ತಿದೀವಿ. ಎರಡೂ ಒಟ್ಟಿಗೆ ಹೇಳ್ಬೇಕು. ಇಲ್ಲಾಂದ್ರೆ ಲೀಗ್ ಕುಗ್ತಿದೆ ಅಂತ ಬರೀತಾರೆ."

"ಆಟಗಾರರಿಗೆ?"

"ಎಲ್ಲರಿಗೂ ಒಟ್ಟಿಗೆ ಗೊತ್ತಾಗುತ್ತೆ. ಮಿಷಿಗನ್‌ನವರ ಹತ್ರ ಜೂನ್ ಪಟ್ಟಿ ಎಂದಿನ ಹಾಗೇ ತರಿಸ್ಕೊಳ್ಳಿ."

ಎಂದಿನ ಹಾಗೇ ಎಂದರೆ ಏನೆಂದು ನನಗೆ ಅರ್ಥವಾಯಿತು. ತಂಡ ಸತ್ತಿದೆ, ಪಟ್ಟಿ ಮಾತ್ರ ಬದುಕಿರಬೇಕು. ಹಾಗಿದ್ದರೆ ಆ ಹುಡುಗರನ್ನು ಹೊಸ ತಂಡಕ್ಕೆ ಕೊಡಬಹುದು. ಹೊಸ ತಂಡವೋ ಸಾವಿರದ ಇನ್ನೂರು ಮೈಲಿ ದೂರದ, ಚಳಿಗಾಲದಲ್ಲೂ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಇರುವ ದಕ್ಷಿಣದ ಒಂದು ಊರು. ಬಾಯಿ ಬಿಡುವುದಿಲ್ಲವೆಂಬ ಕಾಗದಕ್ಕೆ ನಮ್ಮ ಐದೂ ಜನರ ಕೈಲಿ ಸಹಿ ಹಾಕಿಸಿದ. ಹಾಕಿದೆ. ಪಟ್ಟಿ ಬಂತು. ಹದಿನೆಂಟು ಹೆಸರು.

ಆ ಹದಿನೆಂಟರಲ್ಲಿ ಒಬ್ಬ ಟ್ರೆವರ್. ಗೋಲಿ, ಅಂದರೆ ಗೋಲ್‌ಕೀಪರ್, ಇಪ್ಪತ್ತೇಳು ವರ್ಷ. ನಾಲ್ಕು ವರ್ಷದಿಂದ ಮಿಷಿಗನ್ ತಂಡದಲ್ಲಿದ್ದ. ವೆಸ್ಟ್ ಬ್ಲೂಮ್‌ಫೀಲ್ಡ್ ಹತ್ತಿರ ಅತ್ತೆಯ ಮನೆಯಲ್ಲಿ ವಾಸ. ಹೆಂಡತಿ ನರ್ಸ್, ಪುಟ್ಟ ಮಗಳು. ಅತ್ತೆಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಹೆಂಡತಿಯ ಶಿಫ್ಟ್ ಇದ್ದಾಗ ಕರೆದುಕೊಂಡು ಹೋಗುತ್ತಿದ್ದವನು ಅವನೇ. ದಾಖಲೆಯ ಕೆಲಸದಲ್ಲಿ ಇಂಥ ಸಂಗತಿಗಳೆಲ್ಲ ಗೊತ್ತಾಗುತ್ತವೆ. ವಿಳಾಸ ಬದಲಾಯಿತೆಂದು ಫೋನ್ ಮಾಡುವವನು ಮಗು ಹುಟ್ಟಿದ್ದನ್ನೂ ಹೇಳುತ್ತಾನೆ.

ಪಟ್ಟಿ ಬರುವುದಕ್ಕೆ ಒಂದು ವಾರ ಮುಂಚೆ ಟ್ರೆವರ್‌ನಿಂದ ಫೋನ್ ಬಂತು.

"ಮಿಸೆಸ್ ಆರ್, ಒಂದ್ ವಿಷ್ಯ ಕೇಳ್ಬೇಕಿತ್ತು. ಇಂಡಿಯಾನಾ ತಂಡದವರು ಕರೀತಿದಾರೆ. ಮನೆಯಿಂದ ಎರಡೂವರೆ ಗಂಟೆ ಡ್ರೈವ್. ಶುಕ್ರವಾರದೊಳಗೆ ಹೇಳಿ ಅಂದಿದಾರೆ. ನಮ್ ತಂಡದವರಿಗೆ ಹೇಳಿ ಪಟ್ಟಿಯಿಂದ ಹೆಸರು ತೆಗೆಸ್ಕೊಂಡ್ರೆ ಹೋಗ್ಬೋದು."

"ಹೌದು, ಹೋಗಬಹುದು."

"ನಂಗೆ ಹೋಗೋಕೆ ಮನಸ್ಸಿಲ್ಲ. ಇಲ್ಲೇ ಇದ್ರೆ ಅತ್ತೆಗೂ ಅನುಕೂಲ. ಆದ್ರೆ ಏನೇನೋ ಮಾತು ಕೇಳಿಬರ್ತಿದೆ. ನಮ್ ತಂಡ ಮುಂದಿನ ವರ್ಷ ಇರುತ್ತೆ ತಾನೇ?"

ಬ್ರೆಂಟ್‌ನ ಕೋಣೆ ನನ್ನ ಮೇಜಿನಿಂದ ಹತ್ತು ಹೆಜ್ಜೆ. ಗಾಜಿನ ಗೋಡೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಅದೂ ಚೆನ್ನಾಗಿ ನೆನಪಿದೆ.

"ಇಲ್ಲ ಅಂತ ನನಗೇನೂ ಸುದ್ದಿ ಬಂದಿಲ್ಲ ಟ್ರೆವರ್" ಎಂದೆ.

"ನಿಮಗೆ ಬಂದಿಲ್ಲ ಅಂದ್ರೆ ಯಾರಿಗೂ ಬಂದಿರಲ್ಲ ಬಿಡಿ" ಎಂದು ನಕ್ಕು ಫೋನ್ ಇಟ್ಟ.

ಇಂಡಿಯಾನಾದವರಿಗೆ ಬರುವುದಿಲ್ಲವೆಂದು ಹೇಳಿದ. ಅವನ ಹೆಸರು ಪಟ್ಟಿಯಲ್ಲಿ ಮೊದಲನೆಯದಾಗಿ ಬಂತು.

ಜುಲೈ ಎರಡನೇ ವಾರ ವೆಬ್‌ಸೈಟಿನಲ್ಲಿ ಪ್ರಕಟಣೆ ಬಂತು. ಮೇಲೆ ದೊಡ್ಡದಾಗಿ ಹೊಸ ತಂಡದ ಬಣ್ಣಬಣ್ಣದ ಲಾಂಛನ. ಕೆಳಗೆ ಕೊನೆಯ ಪ್ಯಾರಾದಲ್ಲಿ ಮಿಷಿಗನ್ ತಂಡದ ಸೇವೆಗೆ ಧನ್ಯವಾದ, ಅದರ ಆಟಗಾರರನ್ನು ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಹಂಚಲಾಗುವುದು, ಮೊದಲ ಆಯ್ಕೆ ಹೊಸ ತಂಡಕ್ಕೆ. ಹೊಸ ತಂಡಕ್ಕೆ ಮೊದಲು ಬೇಕಾಗುವುದು ಗೋಲಿ, ಅದು ಎಲ್ಲರಿಗೂ ತಿಳಿದ ವಿಷಯ. ಆ ದಿನ ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ತನ್ನ ತಂಡ ಮುಚ್ಚಿದ್ದು ಒಬ್ಬನಿಗೆ ಅವನ ತಂಗಿ ಕಳಿಸಿದ ಮೆಸೇಜಿನಿಂದ ತಿಳಿದಿತ್ತು. ಟ್ರೆವರ್ ಫೋನ್ ಮಾಡಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅವನೇ ಆಫೀಸಿಗೆ ಬಂದ. ಐದು ಗಂಟೆ ಡ್ರೈವ್ ಮಾಡಿಕೊಂಡು. ಅವನನ್ನು ನಾನು ಮುಖತಃ ನೋಡಿದ್ದು ಅದೇ ಮೊದಲು. ಫೋಟೋದಲ್ಲಿ ಹೆಲ್ಮೆಟ್ ಹಾಕಿಕೊಂಡು ದೊಡ್ಡದಾಗಿ ಕಾಣುತ್ತಿದ್ದವನು ಎದುರಿಗೆ ಸಣಕಲಾಗಿ, ನಿದ್ದೆಗೆಟ್ಟವನ ಹಾಗೆ ನಿಂತಿದ್ದ. ಕೂರಲು ಹೇಳಿದೆ. ಕೂರಲಿಲ್ಲ.

"ಆವತ್ತು ಫೋನ್ ಮಾಡಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ತಲೆಯಾಡಿಸಿದ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಬ್ರೆಂಟ್‌ನನ್ನು ನೋಡಬೇಕು, ಬಿಡುಗಡೆ ಪತ್ರ ಬೇಕು ಎಂದ. ಒಳಗೆ ಕಳಿಸಿದೆ. ಬಾಗಿಲು ತೆರೆದೇ ಇತ್ತು. ಅತ್ತೆಯ ಡಯಾಲಿಸಿಸ್, ಹೆಂಡತಿಯ ಕೆಲಸ, ಎಲ್ಲವನ್ನೂ ಅವನು ನಿಧಾನವಾಗಿ ಹೇಳಿದ. ಬ್ರೆಂಟ್ ಕೇಳಿಸಿಕೊಂಡು, "ನಿಮ್ಮ ಪರಿಸ್ಥಿತಿ ಅರ್ಥ ಆಗುತ್ತೆ. ಆದ್ರೆ ಒಬ್ಬರಿಗೆ ಬಿಟ್ಟುಕೊಟ್ರೆ ಹದಿನೆಂಟು ಜನಾನೂ ಕೇಳ್ತಾರೆ" ಎಂದ. ಆ ಮಾತಿಗೆ ನನಗೆ ಮೈ ಉರಿಯಿತು. ಹದಿನೆಂಟು ಜನ ಕೇಳಿದರೆ ಹದಿನೆಂಟು ಜನಕ್ಕೂ ನ್ಯಾಯವಿದೆ ಎಂದೇ ಅರ್ಥವಲ್ಲವೇ?

ಟ್ರೆವರ್ ಹೊರಗೆ ಬಂದು ನನ್ನ ಮುಖ ನೋಡದೆ ಹೋದ. ಕಿಟಕಿಯಿಂದ ನೋಡಿದೆ. ಕಾರಿನ ಹಿಂದಿನ ಸೀಟಿನಲ್ಲಿ ಮಗಳನ್ನು ಕೂರಿಸುವ ಪುಟ್ಟ ಸೀಟು ಖಾಲಿ ಇತ್ತು. ಹದಿನೈದು ನಿಮಿಷ ಕಾರು ಅಲ್ಲೇ ನಿಂತಿದ್ದು ಆಮೇಲೆ ಹೊರಟಿತು.

ಲೀಗ್‌ನ ನಿಯಮಗಳ ಪುಸ್ತಕವನ್ನು ನಾನು ನಾಲ್ಕು ಸಲ ಪೂರ್ತಿ ಟೈಪ್ ಮಾಡಿದ್ದೇನೆ. ಪಟ್ಟಿಯ ಬಗೆಗಿನ ನಿಯಮ ತೆಗೆದೆ. ಪಟ್ಟಿ ಕೊಡುವ ಹಕ್ಕು ಆ ದಿನ ಲೀಗ್‌ನ ಸದಸ್ಯನಾಗಿರುವ ತಂಡಕ್ಕೆ ಮಾತ್ರ, ಹೊರಹೋಗುವ ಪತ್ರ ಲೀಗ್‌ನ ಆಫೀಸಿಗೆ ತಲುಪಿದ ದಿನದಿಂದ ಸದಸ್ಯತ್ವ ಮುಗಿಯುತ್ತದೆ, ಎಂದು ಸ್ಪಷ್ಟವಾಗಿತ್ತು. ಪತ್ರ ತಲುಪಿದ್ದು ಜೂನ್ ಎರಡನೇ ವಾರ. ಮುದ್ರೆ ನನ್ನದು. ಹಾಗಾದರೆ ತಿಂಗಳ ಕೊನೆಯಲ್ಲಿ ಬಂದ ಪಟ್ಟಿಗೆ ಬೆಲೆಯೇ ಇಲ್ಲ. ಹದಿನೆಂಟು ಜನರೂ ಅವತ್ತಿನಿಂದಲೇ ಸ್ವತಂತ್ರರು.

ಮಾರನೇ ಬೆಳಿಗ್ಗೆ ಪುಸ್ತಕ, ಪತ್ರ ಎರಡನ್ನೂ ಹಿಡಿದು ಬ್ರೆಂಟ್‌ನ ಎದುರು ನಿಂತೆ. ಅವನು ಎರಡನ್ನೂ ಓದಿದ.

"ಆ ಪತ್ರ ಆಗ ಡ್ರಾಫ್ಟ್ ಅಷ್ಟೇ. ಅಧಿಕೃತವಾಗಿ ನಮಗೆ ಬಂದದ್ದು ಜುಲೈನಲ್ಲಿ. ಅವರಿಂದ ಇನ್ನೊಂದು ಪ್ರತಿ ತರಿಸ್ತೀನಿ. ಅದಕ್ಕೆ ಜುಲೈ ಒಂದರ ಮುದ್ರೆ ಹಾಕಿ ಫೈಲ್‌ನಲ್ಲಿಡಿ."

"ಇದನ್ನ?"

"ಇದು ಬೇಕಾಗಲ್ಲ."

"ಬಂದಿದ್ದು ಜೂನ್‌ನಲ್ಲಿ. ನಾನು ಹಾಕಿರೋ ಮುದ್ರೆ ಅದು. ಬೇರೆ ದಿನಾಂಕ ಹಾಕೋದು ನನ್ನ ಕೈಲಿ ಆಗಲ್ಲ."

"ಶಾರದಾ, ನಿಮಗೆ ಇನ್ನೆಷ್ಟು ವರ್ಷ ಸರ್ವಿಸ್ ಇದೆ?"

"ಮೂರು."

"ಆರಾಮವಾಗಿ ಮುಗಿಸ್ಬೋದು" ಎಂದ. ಹೆಸರನ್ನು ಅವನು ಸರಿಯಾಗಿಯೇ ಉಚ್ಚರಿಸುತ್ತಿದ್ದ.

ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಚಪಾತಿ ಲಟ್ಟಿಸುತ್ತಿದ್ದರು.

"ನೀನು ಮುದ್ರೆ ಹಾಕ್ಬೇಡ, ಅದು ಸರಿ. ಆದ್ರೆ ಮುಂದಕ್ಕೆ ಹೋಗ್ಬೇಡ. ಅವರ ಲೀಗು, ಅವರ ಹುಡುಗ್ರು. ನಾವ್ಯಾಕೆ?"

"ರೀ, ಅವನು ನನ್ನ ಕೇಳಿದ್ದು. ಬ್ರೆಂಟ್‌ನ ಅಲ್ಲ."

"ಕೆಲಸ ಹೋದ್ರೆ?"

"ಹೋಗ್ಲಿ."

"ಸಿಟ್ಟಲ್ಲಿ ಹೇಳ್ತಿದೀಯ."

"ಹೌದು, ಸಿಟ್ಟಲ್ಲೇ ಹೇಳ್ತಿದೀನಿ. ಸಿಟ್ಟು ಬರೋದಕ್ಕೆ ಒಂದ್ ತಿಂಗಳು ತಡ ಆಯ್ತು."

ಅವರು ಒಲೆಯ ಕಡೆ ತಿರುಗಿದರು. ಚಪಾತಿ ಸೀದುಹೋಗಿತ್ತು.

ಮಾಲೀಕರ ಮೀಟಿಂಗ್ ಓಹೇರ್ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಪ್ರತಿ ವರ್ಷ ನಡೆಯುತ್ತದೆ. ಉದ್ದನೆಯ ಮೇಜು, ಸುತ್ತ ಮಾಲೀಕರು, ಒಂದು ತುದಿಯಲ್ಲಿ ಲೀಗ್‌ನ ವಕೀಲ, ಮೂಲೆಯಲ್ಲಿ ಮಿನಿಟ್ಸ್ ಬರೆಯುವ ನಾನು. ಹತ್ತೊಂಬತ್ತು ವರ್ಷದಿಂದ ಆ ಮೂಲೆಯಲ್ಲಿ ಕೂತು ಒಂದು ಮಾತೂ ಆಡಿರಲಿಲ್ಲ. ನಾನಿರುವುದೇ ಅನೇಕರಿಗೆ ಗೊತ್ತಿರಲಿಲ್ಲ.

ನಾಲ್ಕನೇ ವಿಷಯ ಮಿಷಿಗನ್ ಆಟಗಾರರ ಹಂಚಿಕೆ. ಬ್ರೆಂಟ್ ಎದ್ದು ಹದಿನೆಂಟು ಹೆಸರಿನ ಹಾಳೆ ಎಲ್ಲರಿಗೂ ಕೊಟ್ಟ. ಹೊಸ ತಂಡದ ಮಾಲೀಕ ಮೊದಲ ಹೆಸರಿನ ಮೇಲೆ ಪೆನ್ನಿಟ್ಟ.

ನಾನು ಕೈಯೆತ್ತಿದೆ.

"ಮಿನಿಟ್ಸ್‌ಗೆ ಒಂದು ದಿನಾಂಕ ಬೇಕು. ಮಿಷಿಗನ್ ತಂಡದ ಹೊರಹೋಗುವ ಪತ್ರ ಆಫೀಸಿಗೆ ಬಂದದ್ದು ಜೂನ್ ಎರಡನೇ ವಾರ. ಪಟ್ಟಿ ಬಂದದ್ದು ಜೂನ್ ಕೊನೆಗೆ. ಎರಡನ್ನೂ ಹಾಗೇ ಬರೆಯಲಾ?"

ಬ್ರೆಂಟ್, "ಅದು ಆಫೀಸಿನ ಸಣ್ಣ ವಿಷಯ, ಆಮೇಲೆ ನೋಡೋಣ" ಎಂದ.

ಒಹಾಯೊ ತಂಡದ ಮಾಲೀಕಿ ಜೋನ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಸಿಮೆಂಟ್ ವ್ಯಾಪಾರವನ್ನೂ ತಂಡವನ್ನೂ ತಾನೇ ನಡೆಸುತ್ತಿದ್ದಳು. ಕನ್ನಡಕ ಏರಿಸಿ ನನ್ನ ಕಡೆ ತಿರುಗಿದಳು.

"ಸಣ್ಣದಾಗಿದ್ರೆ ಈಗಲೇ ನೋಡ್ಬೋದಲ್ಲ. ಆ ಪತ್ರ ಇದೆಯಾ ನಿಮ್ಮ ಹತ್ರ?"

ಇತ್ತು. ಬ್ರೆಂಟ್ ಬೇಕಾಗಲ್ಲ ಎಂದ ದಿನ ಅದನ್ನು ನಾನೇ ವಾಪಸ್ ತಂದಿಟ್ಟುಕೊಂಡಿದ್ದೆ. ನಿಯಮದ ಪುಟವೂ ಇತ್ತು. ಎರಡೂ ಕೈಯಿಂದ ಕೈಗೆ ಮೇಜಿನ ಸುತ್ತ ಹೋದವು. ವಕೀಲ ಎರಡೆರಡು ಸಲ ಓದಿ ಬ್ರೆಂಟ್‌ನ ಕಿವಿಯಲ್ಲಿ ಏನೋ ಹೇಳಿದ. ಜೋನ್ ಪತ್ರ ಕೆಳಗಿಟ್ಟು, "ಈ ಹುಡುಗರಲ್ಲಿ ಒಬ್ಬ ಕೋರ್ಟಿಗೆ ಹೋದ್ರೆ ನಾವೆಲ್ಲಾ ಅಲ್ಲಿ ಹೋಗಿ ನಿಲ್ಬೇಕು. ನನಗೆ ಬೇರೆ ಕೆಲಸ ಇದೆ" ಎಂದಳು. ನ್ಯಾಯದ ಮಾತು ಅಲ್ಲಿ ಯಾರೂ ಎತ್ತಲಿಲ್ಲ. ಕೋರ್ಟಿನ ಮಾತು ಸಾಕಾಯಿತು. ಕಾಲು ಗಂಟೆಯಲ್ಲಿ ಪಟ್ಟಿ ರದ್ದಾಯಿತು. ಹಾಗೆಂದು ನಾನೇ ಬರೆದುಕೊಂಡೆ.

ಊಟದ ವಿರಾಮದಲ್ಲಿ ಹೋಟೆಲಿನ ಹೊರಗೆ ನಿಂತು ಹದಿನೆಂಟೂ ಜನರಿಗೆ ಫೋನ್ ಮಾಡಲು ಶುರುಮಾಡಿದೆ. ಯಾರೂ ಮಾಡು ಎಂದಿರಲಿಲ್ಲ. ಮೊದಲು ಟ್ರೆವರ್‌ಗೆ.

"ನೀವು ಸ್ವತಂತ್ರರು. ಯಾವ ತಂಡಕ್ಕೆ ಬೇಕಾದ್ರೂ ಹೋಗ್ಬೋದು."

"ಇಂಡಿಯಾನಾದವರು ಹೋದ ವಾರ ಬೇರೆ ಗೋಲಿ ತಗೊಂಡ್ರು ಮಿಸೆಸ್ ಆರ್" ಎಂದ. ಆಮೇಲೆ, "ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್" ಎಂದ.

ಒಂದು ತಂಡಕ್ಕೆ ಗೋಲಿಗಳ ಜಾಗ ಎರಡೇ. ಜುಲೈ ಕೊನೆಗೆ ಹತ್ತಿರದಲ್ಲಿ ಎಲ್ಲೂ ಜಾಗವಿರಲಿಲ್ಲ. ಹದಿನೆಂಟರಲ್ಲಿ ಹತ್ತು ಜನರಿಗೆ ಬೇರೆ ಬೇರೆ ಕಡೆ ಸಿಕ್ಕಿತು. ಟ್ರೆವರ್ ಆ ವರ್ಷ ಆಡಲಿಲ್ಲ. ಮುಂದಿನ ವರ್ಷವೂ ಆಡಲಿಲ್ಲ. ಒಂದು ತಿಂಗಳು ಮುಂಚೆ ಗೊತ್ತಿದ್ದರೆ ಆಡುತ್ತಿದ್ದ. ಅವನ ಮಂಡಿ ಮುರಿಯಲಿಲ್ಲ, ಆಟ ಕೆಡಲಿಲ್ಲ. ಒಂದು ಲಾಂಛನದ ಪಕ್ಕ ಕೆಟ್ಟ ಸುದ್ದಿ ಕಾಣಬಾರದೆಂದು ಅವನ ಆಟ ಮುಗಿಯಿತು.

ಬ್ರೆಂಟ್ ನನ್ನನ್ನು ತೆಗೆಯಲಿಲ್ಲ. ತೆಗೆದರೆ ಯಾಕೆಂದು ಜೋನ್ ಕೇಳುತ್ತಿದ್ದಳು. ಮೀಟಿಂಗ್‌ಗೆ ಕರೆಯುವುದನ್ನು ನಿಲ್ಲಿಸಿದ, ಆಟಗಾರರ ದಾಖಲೆ ಬೇರೆಯವರಿಗೆ ಕೊಟ್ಟ, ನನ್ನ ಮೇಜನ್ನು ಪ್ರಿಂಟರ್ ಇರುವ ಕೋಣೆಗೆ ಹಾಕಿಸಿದ. ಮೂರು ವರ್ಷ ಅಲ್ಲೇ ಕೂತು ವೇಳಾಪಟ್ಟಿ ತಿದ್ದಿದೆ. ಮುಂದಿನ ಬೇಸಿಗೆ ಹೊಸ ನಿಯಮ ಬಂತು. ತಂಡ ಮುಚ್ಚಿದರೆ ಪತ್ರಿಕೆಗಿಂತ ಮುಂಚೆ ಆಟಗಾರರಿಗೆ ತಿಳಿಸತಕ್ಕದ್ದು. ಕೇಳಿ ಸಂತೋಷಪಟ್ಟೆ. ತಿಳಿಸುವುದು ಹೇಗೆಂದು ಆಮೇಲೆ ನೋಡಿದೆ. ಪ್ರಕಟಣೆಗೆ ಹತ್ತು ನಿಮಿಷ ಮುಂಚೆ ಎಲ್ಲರಿಗೂ ಒಂದೇ ಇಮೇಲ್, ತಾನಾಗಿಯೇ ಹೋಗುತ್ತದೆ. ಉತ್ತರ ಬರೆದರೆ ಯಾರಿಗೂ ತಲುಪುವುದಿಲ್ಲ.

ನಿವೃತ್ತಳಾದ ವರ್ಷ ಶರತ್ಕಾಲದಲ್ಲಿ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿರುವ ನನ್ನ ಗೆಳತಿಯ ಮನೆಗೆ ಹೋಗಿದ್ದೆ. ಅವಳ ಮೊಮ್ಮಗ ಹಾಕಿ ಕಲಿಯುತ್ತಾನೆ. ಪ್ರಾಕ್ಟೀಸ್ ನೋಡೋಣ ಬಾ ಎಂದು ಶನಿವಾರ ಬೆಳಿಗ್ಗೆ ರಿಂಕ್‌ಗೆ ಕರೆದುಕೊಂಡು ಹೋದಳು. ಪುಟ್ಟ ಗೋಲಿಗಳ ನಡುವೆ ಸ್ಕೇಟ್ಸ್ ಹಾಕಿಕೊಂಡು ನಿಂತಿದ್ದ ಕೋಚ್ ಟ್ರೆವರ್. ಬಿಡುವಿನಲ್ಲಿ ಅವನೇ ನನ್ನ ಗುರುತು ಹಿಡಿದು ಬಂದ. ಅತ್ತೆ ಹೋದ ಚಳಿಗಾಲ ತೀರಿಕೊಂಡರು, ಮಗಳು ಸ್ಕೂಲಿಗೆ ಹೋಗುತ್ತಿದ್ದಾಳೆ, ವಾರದ ದಿನಗಳಲ್ಲಿ ಗೋದಾಮಿನಲ್ಲಿ ಕೆಲಸ ಎಂದ.

"ಮೀಟಿಂಗ್‌ನಲ್ಲಿ ನೀವು ಮಾಡಿದ್ದು ಆಮೇಲೆ ಗೊತ್ತಾಯ್ತು. ನಿಮಗೆ ತೊಂದ್ರೆ ಆಯ್ತಾ?"

"ಅಂಥದ್ದೇನಿಲ್ಲ" ಎಂದೆ. "ಆವತ್ತು ಫೋನ್‌ನಲ್ಲಿ ನಾನು ಹೇಳ್ಬೇಕಿತ್ತು ಟ್ರೆವರ್. ಆದ್ರೆ ಸಹಿ ಹಾಕಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳ್ಬೇಕು ಅಂತ ನಾನೂ ಅನ್ಕೊಂಡಿಲ್ಲ. ‘ಅದಕ್ಕೆ ಉತ್ತರ ಕೊಡೋಕ್ಕಾಗಲ್ಲ’ ಅಂತ ಅಂದಿದ್ರೆ ಸಾಕಿತ್ತು. ನಾನು ಅರ್ಥ ಮಾಡ್ಕೊಂಡು ಇಂಡಿಯಾನಾಗೆ ಹೋಗ್ತಿದ್ದೆ."

ಸೀಟಿ ಊದಿದರು. ಅವನು ಮಕ್ಕಳ ಕಡೆ ಜಾರಿಕೊಂಡು ಹೋದ.

ಈ ಕೆಲಸದಲ್ಲಿ ಹೇಳಬಾರದ ಸಂಗತಿಗಳು ನಿಮ್ಮ ಮೇಜಿನ ಮೇಲೆ ಬಹಳ ಬರುತ್ತವೆ. ಹೇಳಲಾರೆ ಎಂದು ಹೇಳುವುದನ್ನು ಮಾತ್ರ ಯಾವ ಸಹಿಯೂ ತಡೆಯುವುದಿಲ್ಲ. ಆ ಹೊತ್ತಿಗೆ ನನಗದು ಹೊಳೆಯಲಿಲ್ಲ ಎಂದು ಗೆಳತಿಗೆ ಕಾರಿನಲ್ಲಿ ಹೇಳಿದೆ, ನಮ್ಮ ಮನೆಯವರಿಗೂ ಹೇಳಿದ್ದೇನೆ. ಇಲ್ಲಿ ನಿಜ ಬರೆಯುತ್ತೇನೆ. ಹೊಳೆದಿತ್ತು. ಗಾಜಿನ ಗೋಡೆಯ ಕಡೆ ಒಮ್ಮೆ ನೋಡಿ, ಸುದ್ದಿ ಬಂದಿಲ್ಲ ಎಂದೆ.